ಕೊಡಗಿನಿಂದ ಡಬ್ಲ್ಯು3ಸಿಗೆ: ವಿಶ್ವವಿದ್ಯಾಲಯವೊಂದು ಸದಸ್ಯತ್ವ ಪಡೆಯಲು ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ದಕ್ಷಿಣ ಕೊಡಗಿನ ಶ್ರೀಮಂಗಲದ ಹೆಸರನ್ನೇ ತೆಗೆದುಕೊಳ್ಳಿ. ಓದುವವರಿಗೆ ಅದು ನಾಲ್ಕು ಅಕ್ಷರ: ಶ್ರೀ, ಮಂ, ಗ, ಲ. ಕಂಪ್ಯೂಟರಿಗೆ ಅದು ಎಂಟು ಸಂಕೇತ: ಶ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ರ, ಈಕಾರದ ಗುರುತು, ಮ, ಸೊನ್ನೆ, ಗ, ಲ. ಈ ಎಂಟನ್ನು ಮತ್ತೆ ನಾಲ್ಕಾಗಿ ಗುಂಪು ಮಾಡುವುದು ಹೇಗೆ? ಸಾಲು ತುಂಬಿದಾಗ ಪದವನ್ನು ಎಲ್ಲಿ ಒಡೆಯಬಹುದು? ಅಕ್ಷರಗಳ ನಡುವೆ ಜಾಗ ಬಿಡು ಎಂದರೆ ಯಾವುದರ ನಡುವೆ ಬಿಡಬೇಕು? ಇದನ್ನೆಲ್ಲ ಯಾರೋ ಕೂತು ನಿಯಮವಾಗಿ ಬರೆದಿಡುತ್ತಾರೆ. ಬ್ರೌಸರ್ ತಯಾರಿಸುವವರು ಆ ನಿಯಮ ನೋಡಿಕೊಂಡು ಕೆಲಸ ಮಾಡುತ್ತಾರೆ. ಬರೆಯುವವರ ನಡುವೆ ಕನ್ನಡ ಬಲ್ಲವರು ಇಲ್ಲದಿದ್ದರೆ ನಮ್ಮ ಲಿಪಿಯ ವಿಷಯವನ್ನು ಬೇರೆಯವರು ಊಹೆ ಮಾಡಿ ಬರೆಯಬೇಕಾಗುತ್ತದೆ.

ಇಂಥ ನಿಯಮಗಳು ಹುಟ್ಟುವ ಮುಖ್ಯ ಜಾಗ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ, ಅಂದರೆ ಡಬ್ಲ್ಯು3ಸಿ. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಇದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದರು. ಆಮೇಲೆ ಜಪಾನಿನ ಕೆಯೋ ವಿಶ್ವವಿದ್ಯಾಲಯ, ಚೀನಾದ ಬೇಹಾಂಗ್ ವಿಶ್ವವಿದ್ಯಾಲಯ ಮತ್ತು ಯುರೋಪಿನ ಸಂಶೋಧನಾ ಸಂಸ್ಥೆಗಳ ಒಕ್ಕೂಟ ಸೇರಿ ಇದನ್ನು ನಡೆಸಿಕೊಂಡು ಬಂದವು. 2023ರ ಜನವರಿ 1ರಿಂದ ಅದು ಸ್ವತಂತ್ರವಾದ, ಲಾಭದ ಉದ್ದೇಶ ಇಲ್ಲದ ಸಂಸ್ಥೆ. ಅದರ ಬೇರು ಇರುವುದೇ ವಿಶ್ವವಿದ್ಯಾಲಯಗಳಲ್ಲಿ. ಹಾಗಾಗಿ ದೊಡ್ಡ ಕಂಪನಿಗಳ ಸಂಘದೊಳಗೆ ನಮಗೇನು ಕೆಲಸ ಎಂದು ಹಿಂಜರಿಯಬೇಕಾಗಿಲ್ಲ.

ಕೊಡಗಿನಲ್ಲಿ 2023ರಲ್ಲಿ ಚಿಕ್ಕ ಅಳುವಾರದಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಮಡಿಕೇರಿ, ಗೋಣಿಕೊಪ್ಪ, ಪೊನ್ನಂಪೇಟೆ, ಕುಶಾಲನಗರದಲ್ಲಿ ಕಾಲೇಜುಗಳಿವೆ. ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳಂ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆ ಇದು. ಭಾಷೆಯ ತಂತ್ರಜ್ಞಾನಕ್ಕೆ ಇಷ್ಟು ಫಲವತ್ತಾದ ನೆಲ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಈ ಬರಹ ಇಲ್ಲಿನ ವಿಶ್ವವಿದ್ಯಾಲಯದ, ಕಾಲೇಜಿನ ಕಂಪ್ಯೂಟರ್ ವಿಭಾಗದವರಿಗೆ, ಕನ್ನಡ ವಿಭಾಗದವರಿಗೆ ಮತ್ತು ಕಡತ ನೋಡುವ ಆಡಳಿತದವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸದಸ್ಯತ್ವ ಕೊಡುವುದು ಮಾತಾಡುವ ಹಕ್ಕು ಮಾತ್ರ. ಮಾತಾಡುವ ಜನ ನಮ್ಮಲ್ಲಿ ಸಿದ್ಧವಾಗಿ ಇರಬೇಕು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅರ್ಜಿ ತುಂಬುವ ವಿಷಯ ಐದನೇ ಹೆಜ್ಜೆಯಲ್ಲಿ ಬರುತ್ತದೆ.

ಯಾವ ಕೆಲಸ ಯಾವ ಮನೆಯಲ್ಲಿ

ವೆಬ್ಬಿನ ಎಲ್ಲ ನಿಯಮವೂ ಡಬ್ಲ್ಯು3ಸಿಯಲ್ಲಿ ಆಗುವುದಿಲ್ಲ. ಇದು ಗೊತ್ತಿಲ್ಲದೆ ಹಣ ಕಟ್ಟಿದರೆ ಆಮೇಲೆ ಬೇಜಾರಾಗುತ್ತದೆ.

ಅಕ್ಷರಕ್ಕೆ ಸಂಕೇತ ಕೊಡುವುದು ಯುನಿಕೋಡ್ ಕನ್ಸಾರ್ಟಿಯಂ. ಪುಟದ ಅಂದ, ಸಾಲು, ಅಂತರ, ಪಟ್ಟಿಯ ಅಂಕಿ, ಅಂದರೆ ಸಿಎಸ್‌ಎಸ್, ಡಬ್ಲ್ಯು3ಸಿಯ ಕೆಲಸ. ಅಂಗವಿಕಲರಿಗೆ ವೆಬ್ ಸಿಗುವಂತೆ ಮಾಡುವ ಡಬ್ಲ್ಯುಸಿಎಜಿ ಮಾರ್ಗಸೂಚಿಯೂ ಅಲ್ಲಿಯದೇ. ಎಚ್‌ಟಿಎಂಎಲ್, ಅಂದರೆ ಪುಟದ ಚೌಕಟ್ಟು ಬರೆಯುವ ಭಾಷೆ, ಮಾತ್ರ 2019ರ ಒಪ್ಪಂದದ ಪ್ರಕಾರ ವಾಟ್‌ವಿಜಿ ಎಂಬ ಬೇರೆ ಗುಂಪಿನಲ್ಲಿ ಬೆಳೆಯುತ್ತಿದೆ. ಪುಟಕ್ಕೆ ಚಟುವಟಿಕೆ ಕೊಡುವ ಜಾವಾಸ್ಕ್ರಿಪ್ಟ್ ಭಾಷೆ ಎಕ್ಮಾ ಎಂಬ ಸಂಸ್ಥೆಯಲ್ಲಿದೆ. ಇಂಟರ್ನೆಟ್ಟಿನ ಕೆಳಪದರದ ನಿಯಮಗಳು ಐಇಟಿಎಫ್‌ನಲ್ಲಿ ಆಗುತ್ತವೆ. ಅಲ್ಲಿ ಸದಸ್ಯತ್ವ ಎಂಬುದೇ ಇಲ್ಲ, ಆಸಕ್ತಿ ಇರುವ ಯಾರಾದರೂ ಮೇಲ್ ಪಟ್ಟಿಗೆ ಸೇರಿ ಕೆಲಸ ಮಾಡಬಹುದು.

ನಿಮ್ಮ ವಿಭಾಗದ ಆಸಕ್ತಿ ಕೊಡವ ತಕ್ಕಿಗೆ ಹೊಸ ಅಕ್ಷರ ಸೇರಿಸುವುದಾದರೆ ಯುನಿಕೋಡ್ ಕಡೆ ಹೋಗಿ. ವಿಶ್ವವಿದ್ಯಾಲಯವೊಂದು ಅಲ್ಲಿ ಎಷ್ಟು ಕೆಲಸ ಮಾಡಬಹುದು ಎನ್ನುವುದಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ನೋಡಿ. 2002ರಲ್ಲಿ ಅಲ್ಲಿ ಶುರುವಾದ ಒಂದು ಯೋಜನೆ, ಯಾರೂ ಕೇಳುವವರಿಲ್ಲದ ಎಷ್ಟೋ ಲಿಪಿಗಳನ್ನು ಯುನಿಕೋಡಿಗೆ ಸೇರಿಸಿತು. ಆಸಕ್ತಿ ಇರುವುದು ಕನ್ನಡ ಪುಟ ಪರದೆಯ ಮೇಲೆ ಸರಿಯಾಗಿ ಕಾಣುವುದರಲ್ಲಾದರೆ ಡಬ್ಲ್ಯು3ಸಿಯೇ ಸರಿ.

ಹೆಜ್ಜೆ 1: ದುಡ್ಡು ಕೊಡದೆ ಒಳಗೆ ಹೋಗಿ ನೋಡಿ

ಡಬ್ಲ್ಯು3ಸಿಯಲ್ಲಿ ಗುಂಪುಗಳು ಹಲವು ಬಗೆ. ನಿಯಮ ಬರೆಯುವುದು ವರ್ಕಿಂಗ್ ಗ್ರೂಪ್. ಚರ್ಚೆಗೆ, ಸಲಹೆಗೆ ಇಂಟರೆಸ್ಟ್ ಗ್ರೂಪ್. ಇವಲ್ಲದೆ ಕಮ್ಯುನಿಟಿ ಗ್ರೂಪ್ ಅಂತ ಇವೆ. ಇವಕ್ಕೆ ಶುಲ್ಕ ಇಲ್ಲ, ಸದಸ್ಯತ್ವವೂ ಬೇಡ. ಒಂದು ಖಾತೆ ತೆರೆದು, ಕೊಡುಗೆದಾರರ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರೆ ಯಾರು ಬೇಕಾದರೂ ಸೇರಬಹುದು. ಬಿಸಿಎ ಓದುವ ಹುಡುಗಿಯೂ ಸೇರಬಹುದು.

ಖಾತೆ ತೆರೆಯುವಾಗ ಒಂದು ಎಚ್ಚರ. ನೀವು ಯಾವ ಸಂಸ್ಥೆಗೆ ಸೇರಿದವರು ಎಂದು ಕೇಳುತ್ತಾರೆ. ವಿಶ್ವವಿದ್ಯಾಲಯದ ಪರವಾಗಿ ಮಾತಾಡುವ ಅಧಿಕಾರ ಇನ್ನೂ ಸಿಕ್ಕಿಲ್ಲ ಅಂದರೆ ವ್ಯಕ್ತಿಯಾಗಿಯೇ ಸೇರಿ. ಇಲ್ಲದಿದ್ದರೆ ಪೇಟೆಂಟ್ ಒಪ್ಪಂದದ (ಇದರ ವಿವರ ನಾಲ್ಕನೇ ಹೆಜ್ಜೆಯಲ್ಲಿದೆ) ಭಾರ ಸುಮ್ನೆ ಸಂಸ್ಥೆಯ ಮೇಲೆ ಬೀಳುತ್ತದೆ.

ಡಬ್ಲ್ಯು3ಸಿಯ ಹೆಚ್ಚಿನ ತಾಂತ್ರಿಕ ಚರ್ಚೆ, ತಂತ್ರಾಂಶ ಬರೆಯುವವರು ಕೆಲಸ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಸಿಎಸ್‌ಎಸ್ ಗುಂಪಿನ ಕರಡುಗಳು, ಅವುಗಳ ಮೇಲಿನ ದೂರುಗಳು, ಉತ್ತರಗಳು ಎಲ್ಲ ತೆರೆದಿವೆ. ಎಲ್ಲ ಭಾಷೆ, ಲಿಪಿಗಳಲ್ಲೂ ವೆಬ್ ಕೆಲಸ ಮಾಡುವಂತೆ ನೋಡಿಕೊಳ್ಳುವ ಅಂತರರಾಷ್ಟ್ರೀಕರಣದ ಗುಂಪು ಪ್ರತಿ ಲಿಪಿಗೂ ಏನು ಸರಿಯಾಗಿದೆ, ಏನು ಬಾಕಿ ಇದೆ ಎಂದು ಪಟ್ಟಿ ಇಡುವ ಕೆಲಸ ಮಾಡುತ್ತದೆ. ಭಾರತದ ಲಿಪಿಗಳ ಪುಟವಿನ್ಯಾಸಕ್ಕೆಂದೇ ಒಂದು ಕಾರ್ಯಪಡೆಯೂ ಕೆಲಸ ಮಾಡಿದೆ. ಮೊದಲು ಇವನ್ನು ಓದಿ. ಓದುವಾಗ ಕನ್ನಡದ ವಿಷಯ ಎಲ್ಲಿ ಬರಬೇಕಿತ್ತು, ಎಲ್ಲಿ ಬಂದಿಲ್ಲ ಎಂದು ಗುರುತು ಹಾಕಿಕೊಳ್ಳಿ.

ಈಗ ಕೈಯಾರೆ ಮಾಡುವ ಒಂದು ಪರೀಕ್ಷೆ. ಇದನ್ನು ಒಂದು ಮಧ್ಯಾಹ್ನದ ಲ್ಯಾಬ್ ಅವಧಿಯಲ್ಲಿ ವಿದ್ಯಾರ್ಥಿಗಳ ಜೊತೆ ಮಾಡಬಹುದು.

ಒಂದು ಸಾದಾ ಪುಟ ಮಾಡಿ. ಅದರಲ್ಲಿ ಮೂರು ಪದ ಹಾಕಿ: ಶ್ರೀಮಂಗಲ, ಪೊನ್ನಂಪೇಟೆ, ರಾಷ್ಟ್ರ. ಪುಟದ ಭಾಷೆ ಕನ್ನಡ ಎಂದು ನಮೂದಿಸಿ. ಮೊದಲು ಅಕ್ಷರಗಳ ನಡುವಿನ ಅಂತರವನ್ನು, ಅಂದರೆ ಲೆಟರ್ ಸ್ಪೇಸಿಂಗ್ ಅನ್ನು, 10 ಪಿಕ್ಸೆಲ್‌ಗೆ ಏರಿಸಿ. ಶ್ರೀ ಒಂದೇ ತುಂಡಾಗಿ ಉಳಿಯಿತಾ? ಅಥವಾ ಶ್ ಒಂದು ಕಡೆ, ರೀ ಇನ್ನೊಂದು ಕಡೆ ಹೋಯಿತಾ? ಪೊನ್ನಂಪೇಟೆಯ ನ್ನಂ ಏನಾಯಿತು? ಆಮೇಲೆ ಮೊದಲ ಅಕ್ಷರಕ್ಕೆ ಮಾತ್ರ ಕೆಂಪು ಬಣ್ಣ ಕೊಡುವ ಫಸ್ಟ್ ಲೆಟರ್ ನಿಯಮ ಹಾಕಿ. ಬಣ್ಣ ಪೂರ್ತಿ ಶ್ರೀಗೆ ಬಂತಾ, ಅರ್ಧಕ್ಕೆ ಬಂತಾ? ಕೊನೆಗೆ ರಾಷ್ಟ್ರ ಪದವನ್ನು ಒಂದು ಬಟನ್ನಿನೊಳಗೆ ಹಾಕಿ, ಬಟನ್ನಿನ ಎತ್ತರ ಕಡಿಮೆ ಮಾಡುತ್ತಾ ಬನ್ನಿ. ಷ ಅಕ್ಷರದ ಕೆಳಗೆ ಎರಡು ಒತ್ತಕ್ಷರ ಇವೆ. ಅವುಗಳ ತಳ ಕತ್ತರಿಸಿ ಹೋಗುವುದು ಯಾವಾಗ ಎಂದು ನೋಡಿ.

ಇದೇ ಪುಟವನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿಯಲ್ಲಿ, ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ತೆರೆಯಿರಿ. ಪ್ರತಿ ಸಲ ಬ್ರೌಸರಿನ ಆವೃತ್ತಿ, ಫಾಂಟಿನ ಹೆಸರು, ಚಿತ್ರ ಮೂರನ್ನೂ ಬರೆದಿಡಿ. ಫಾಂಟ್ ಬರೆದಿಡುವುದು ಬಹಳ ಮುಖ್ಯ. ಎಷ್ಟೋ ಸಲ ತಪ್ಪು ಫಾಂಟಿನದಾಗಿರುತ್ತದೆ, ಬ್ರೌಸರಿನದಲ್ಲ.

ಇಂಥ ಒಡಕಿಗೆ ಒಂದು ಹಿನ್ನೆಲೆ ಇದೆ. ಯುನಿಕೋಡಿನ 15.1ನೇ ಆವೃತ್ತಿ 2023ರಲ್ಲಿ ಬಂತು. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ಹೊಸ ನಿಯಮ ಅದರಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ನಿಯಮದೊಳಗೆ ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ತೆಲುಗು ಇದೆ, ಅದೇ ರೀತಿ ಒತ್ತು ಬರೆಯುವ ಕನ್ನಡ ಇಲ್ಲ! ಸಿಎಸ್‌ಎಸ್ ನಿಯಮಗಳು ಅಕ್ಷರ ಎಂದರೆ ಏನು ಎಂಬುದಕ್ಕೆ ಯುನಿಕೋಡಿನ ಈ ಲೆಕ್ಕವನ್ನೇ ಆಧಾರ ಮಾಡಿಕೊಳ್ಳುತ್ತವೆ. ಆಯಾ ಭಾಷೆಗೆ ತಕ್ಕಂತೆ ಹೊಂದಿಸಿಕೊಳ್ಳಲು ಬ್ರೌಸರುಗಳಿಗೆ ಅವಕಾಶವನ್ನೂ ಕೊಡುತ್ತವೆ. ಆ ಅವಕಾಶ ಬಳಸಿ ಎಂದು ಕೇಳಬೇಕಾದವರು ಕನ್ನಡ ಬಳಸುವವರು. ಯುನಿಕೋಡಿನ ಈಗಿನ ಆವೃತ್ತಿಯಲ್ಲಿ ಕನ್ನಡದ ಸ್ಥಿತಿ ನೋಡಿಕೊಂಡು, ನಿಮ್ಮ ಪರೀಕ್ಷೆಯ ಫಲಿತಾಂಶ ಜೊತೆಗಿಟ್ಟುಕೊಂಡು ಕೇಳಿ.

ಗಿಟ್‌ಹಬ್‌ನಲ್ಲಿ ಇಶ್ಯೂ, ಅಂದರೆ ದೂರಿನ ಟಿಪ್ಪಣಿ, ಬರೆಯುವಾಗ ಕೋಪ ಬೇಡ, ಕನ್ನಡದ ಹಿರಿಮೆಯ ಭಾಷಣವೂ ಬೇಡ. ಏನು ಕಾಣಬೇಕಿತ್ತು, ಏನು ಕಂಡಿತು, ಯಾವ ಬ್ರೌಸರ್, ಯಾವ ಫಾಂಟ್, ಪರೀಕ್ಷಾ ಪುಟ ಇಲ್ಲಿದೆ. ಇಷ್ಟೇ ಸಾಕು. ಹೀಗೆ ಬರೆದ ಇಶ್ಯೂಗೆ ಜಗತ್ತಿನ ಇನ್ನೊಂದು ಮೂಲೆಯಿಂದ ತಜ್ಞರು ಉತ್ತರ ಕೊಡುತ್ತಾರೆ, ಮರುಪ್ರಶ್ನೆ ಕೇಳುತ್ತಾರೆ. ಆ ಮರುಪ್ರಶ್ನೆಗೆ ಉತ್ತರಿಸುವ ತಾಳ್ಮೆ ಯಾರಿಗೆ ಇದೆ ಎಂಬುದನ್ನು ಗಮನಿಸಿ. ನಿಮ್ಮ ಮುಂದಿನ ತಂಡ ಅವರೇ.

ಹೆಜ್ಜೆ 2: ನಮ್ಮದು ಅನ್ನುವ ಒಂದು ಕೆಲಸ ಆರಿಸಿ

ಎಲ್ಲದಕ್ಕೂ ಕೈ ಹಾಕಿದರೆ ಯಾವುದೂ ಮುಗಿಯುವುದಿಲ್ಲ. ಕೊಡಗಿನಲ್ಲಿ ಕೂತು ಬೇರೆಯವರಿಗಿಂತ ಚೆನ್ನಾಗಿ ಮಾಡಬಹುದಾದ ಕೆಲಸ ಯಾವುದು ಅಂತ ಯೋಚಿಸಿ. ನನಗೆ ಹೊಳೆಯುವ ಕೆಲವನ್ನು ಹೇಳುತ್ತೇನೆ.

ಭಾಷೆಯ ಗುರುತು. ವೆಬ್ ಪುಟದಲ್ಲಿ ಯಾವ ಭಾಗ ಯಾವ ಭಾಷೆ ಎಂದು ಹೇಳಲು ಚಿಕ್ಕ ಸಂಕೇತಗಳಿವೆ. ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ, ಕೊಡವಕ್ಕೆ ಕೆಎಫ್‌ಎ. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆದ ಪುಟಗಳನ್ನು ಕನ್ನಡ ಎಂದೇ ಗುರುತಿಸಿಬಿಟ್ಟರೆ, ಓದಿ ಹೇಳುವ ತಂತ್ರಾಂಶ ಅದನ್ನು ಕನ್ನಡದಂತೆ ಓದುತ್ತದೆ, ಹುಡುಕುವ ತಂತ್ರ ಅದನ್ನು ಕನ್ನಡದ ರಾಶಿಗೆ ಹಾಕುತ್ತದೆ. ಭಾಷೆ ಕೊಡವ, ಲಿಪಿ ಕನ್ನಡ ಎಂದು ಎರಡನ್ನೂ ಸೇರಿಸಿ ಹೇಳುವ ವ್ಯವಸ್ಥೆ ಈಗಾಗಲೇ ಇದೆ. ಇದನ್ನು ಬಳಸಿ ಒಂದು ಮಾದರಿ ಪುಟಸಂಗ್ರಹ ಮಾಡುವುದಕ್ಕೆ ಮಡಿಕೇರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಬೇರೆ ಅಕ್ಷರ ಇಲ್ಲ. ಬರೆಯುವವರು ತಮ್ಮ ತಮ್ಮ ರೀತಿಯಲ್ಲಿ ಅದನ್ನು ತೋರಿಸುತ್ತಾರೆ. ಆ ರೀತಿಗಳನ್ನು ಸಂಗ್ರಹಿಸುವುದೇ ಒಂದು ಒಳ್ಳೆಯ ಎಂ.ಎ. ಪ್ರಬಂಧ. ಆದರೆ ಯಾವುದು ಸರಿ ಎಂದು ತೀರ್ಮಾನಿಸುವುದು ಆ ಭಾಷೆ ಆಡುವವರು. ಅವರನ್ನು, ಅವರ ಅಕಾಡೆಮಿಯನ್ನು ಜೊತೆಗೆ ಕೂರಿಸಿಕೊಂಡೇ ಹೋಗಬೇಕು.

ಪುಟವಿನ್ಯಾಸ. ಕನ್ನಡದ ಉದ್ದ ಪದಗಳು ಮೊಬೈಲಿನ ಚಿಕ್ಕ ಪರದೆಯಿಂದ ಹೊರಗೆ ಹೋಗುತ್ತವೆ. ವಿಶ್ವವಿದ್ಯಾಲಯಗಳಿಗೆಲ್ಲ ಎಂಬ ಒಂದೇ ಪದ ಸಾಕು. ಪದ ಒಡೆಯುವ ನಿಯಮ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂದು ನೋಡುವ ಪರೀಕ್ಷಾ ಪುಟ ಬರೆಯಬಹುದು. ಪಟ್ಟಿಗಳಿಗೆ ಕನ್ನಡ ಅಂಕಿ ಹಾಕುವ ಸೌಲಭ್ಯ ಸಿಎಸ್‌ಎಸ್‌ನಲ್ಲಿ ಈಗಾಗಲೇ ಇದೆ, ಒಂದೇ ಪದ ಬರೆದರೆ ೧, ೨, ೩ ಬರುತ್ತದೆ. ಇದನ್ನು ಬಳಸುವ ಕನ್ನಡ ಜಾಲತಾಣಗಳು ಎಷ್ಟಿವೆ ಹೇಳಿ? ಇರುವುದನ್ನು ನಾವೇ ಬಳಸದಿದ್ದರೆ ಹೊಸದು ಕೇಳುವಾಗ ನಮ್ಮ ಮಾತಿಗೆ ತೂಕ ಇರುವುದಿಲ್ಲ.

ಅಂಗವಿಕಲರಿಗೆ ಸಿಗುವ ವೆಬ್. ಡಬ್ಲ್ಯುಸಿಎಜಿಯ 2.2ನೇ ಆವೃತ್ತಿ 2023ರ ಅಕ್ಟೋಬರಿನಲ್ಲಿ ಬಂತು. ಅದರ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದಲೇ ಶುರುಮಾಡಬಹುದು. ಸುತ್ತೋಲೆಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ಇಲ್ಲವೇ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಹಾಕುತ್ತಾರೆ. ಎರಡನ್ನೂ ಕಣ್ಣು ಕಾಣದ ವಿದ್ಯಾರ್ಥಿ ಕೇಳಿಸಿಕೊಳ್ಳಲು ಆಗುವುದಿಲ್ಲ. ಎನ್‌ವಿಡಿಎ ಎಂಬ, ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ ಹಾಕಿಕೊಂಡು, ಪರದೆ ಆಫ್ ಮಾಡಿ, ಪರೀಕ್ಷಾ ವೇಳಾಪಟ್ಟಿ ಹುಡುಕಿ ನೋಡಿ. ಶುಲ್ಕ ಕಟ್ಟುವ ಕೊನೆಯ ದಿನಾಂಕ ಕೇಳಿಸಲಿಲ್ಲ ಅಂದರೆ ಅದು ಹುಡುಗನೊಬ್ಬನ ಒಂದು ವರ್ಷದ ಪ್ರಶ್ನೆ. ನನ್ನ ಪ್ರಕಾರ ಬೇರೆ ಯಾವ ಕೆಲಸ ಬಿಟ್ಟರೂ ಇದನ್ನು ಬಿಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನೇ ಕೇಳುತ್ತದೆ.

ಅನುವಾದ. ಡಬ್ಲ್ಯು3ಸಿ ತನ್ನ ದಾಖಲೆಗಳ ಅನುವಾದಕ್ಕೆ ಸ್ವಯಂಸೇವಕರಿಗೆ ಅವಕಾಶ ಕೊಡುತ್ತದೆ. ಅಧಿಕೃತ ಅನುವಾದ ಬೇಕು ಅಂದರೆ ಸಾರ್ವಜನಿಕ ಪರಿಶೀಲನೆ ಸೇರಿದಂತೆ ಅದಕ್ಕೆ ಬೇರೆ ಕ್ರಮ ಇದೆ. ಕನ್ನಡ ವಿಭಾಗ ಮತ್ತು ಕಂಪ್ಯೂಟರ್ ವಿಭಾಗ ಒಟ್ಟಿಗೆ ಕೂರುವುದಕ್ಕೆ ಇದೊಂದು ಒಳ್ಳೆಯ ನೆಪ.

ಹೆಜ್ಜೆ 3: ಪ್ರತಿನಿಧಿ ಯಾರು?

ಪ್ರತಿ ಸದಸ್ಯ ಸಂಸ್ಥೆ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು. ಇವರು ಡಬ್ಲ್ಯು3ಸಿಯ ಅಡ್ವೈಸರಿ ಕಮಿಟಿಯಲ್ಲಿ ಕೂರುತ್ತಾರೆ. ವಿಶ್ವವಿದ್ಯಾಲಯದ ಮತ ಹಾಕುವುದು ಇವರು. ಯಾರು ಯಾವ ವರ್ಕಿಂಗ್ ಗ್ರೂಪಿಗೆ ಸೇರಬೇಕು ಎಂದು ಹೆಸರು ಕೊಡುವವರೂ ಇವರೇ.

ನಮ್ಮಲ್ಲಿ ಇಂಥ ಸ್ಥಾನ ಬಂದರೆ ಅತಿ ಹಿರಿಯರ ಹೆಸರು ಹಾಕುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಕುಲಪತಿಗಳಿಗೆ, ಕುಲಸಚಿವರಿಗೆ ದಿನಾ ಬರುವ ಮೇಲ್ ಓದುವಷ್ಟು ಬಿಡುವು ಇರುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಗಿಟ್‌ಹಬ್‌ನ ಮರುಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ಇದ್ದಾರಲ್ಲ, ಅವರನ್ನು ಹಾಕಿ. ಸಹಾಯಕ ಪ್ರಾಧ್ಯಾಪಕರಾದರೂ ಪರವಾಗಿಲ್ಲ. ಹಿರಿಯರು ಮೇಲುಸ್ತುವಾರಿ ಸಮಿತಿಯಲ್ಲಿ ಇರಲಿ.

ವರ್ಗಾವಣೆಯ ವಿಷಯವನ್ನೂ ಮೊದಲೇ ಯೋಚಿಸಿ. ಸರ್ಕಾರಿ ಕಾಲೇಜಿನಲ್ಲಿ ಕೌನ್ಸೆಲಿಂಗ್ ಮುಗಿದ ಮಾರನೇ ವಾರ ಪ್ರತಿನಿಧಿ ಬೇರೆ ಜಿಲ್ಲೆಯಲ್ಲಿ ಇರಬಹುದು. ಹೊಸ ವಿಶ್ವವಿದ್ಯಾಲಯಗಳಲ್ಲಿ ಅತಿಥಿ ಉಪನ್ಯಾಸಕರು ಜಾಸ್ತಿ, ಅವರ ನೇಮಕ ವರ್ಷ ವರ್ಷಕ್ಕೆ. ಹಾಗಾಗಿ ಬದಲಿ ಪ್ರತಿನಿಧಿಯೊಬ್ಬರನ್ನು ಮೊದಲ ದಿನದಿಂದಲೇ ಹೆಸರಿಸಿ. ಡಬ್ಲ್ಯು3ಸಿಯ ಪತ್ರಗಳೆಲ್ಲ ಒಬ್ಬರ ಸ್ವಂತ ಮೇಲ್‌ಗೆ ಮಾತ್ರ ಹೋಗದೆ ವಿಭಾಗದ ಅಧಿಕೃತ ವಿಳಾಸಕ್ಕೂ ಬರುವಂತೆ ಮಾಡಿ.

ಹೆಜ್ಜೆ 4: ಕಡತ ಮೇಲೆ ಕಳಿಸುವುದು

ಹೆಚ್ಚು ಸಮಯ ಹಿಡಿಯುವ ಹೆಜ್ಜೆ ಇದು. ಡಬ್ಲ್ಯು3ಸಿಯ ಶುಲ್ಕ ಎಲ್ಲರಿಗೂ ಒಂದೇ ಅಲ್ಲ. ಸಂಸ್ಥೆ ಇರುವ ದೇಶದ ಆದಾಯ ಮಟ್ಟ, ಸಂಸ್ಥೆಯ ಬಗೆ, ಅದರ ವಾರ್ಷಿಕ ಆದಾಯ ಈ ಮೂರನ್ನೂ ನೋಡಿ ನಿಗದಿ ಮಾಡುತ್ತಾರೆ. ಭಾರತದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಬರುವ ಮೊತ್ತ ಅಮೆರಿಕದ ದೊಡ್ಡ ಕಂಪನಿ ಕಟ್ಟುವುದಕ್ಕಿಂತ ಬಹಳ ಕಡಿಮೆ. ಅವರ ಜಾಲತಾಣದಲ್ಲೇ ದೇಶ ಮತ್ತು ಸಂಸ್ಥೆಯ ಬಗೆ ಆರಿಸಿ ಮೊತ್ತ ನೋಡಬಹುದು. ಆ ಪುಟದ ಪ್ರತಿಯನ್ನು ದಿನಾಂಕದ ಜೊತೆ ಕಡತಕ್ಕೆ ಲಗತ್ತಿಸಿ.

ಟಿಪ್ಪಣಿಯಲ್ಲಿ ಏನಿರಬೇಕು? ಯಾಕೆ ಸೇರಬೇಕು ಎಂಬುದು ಅರ್ಧ ಪುಟ. ಈಗಾಗಲೇ ಏನು ಮಾಡಿದ್ದೇವೆ ಎಂಬುದು ಒಂದು ಪುಟ. ಇಲ್ಲಿ ನಿಮ್ಮ ಇಶ್ಯೂಗಳು, ಅವಕ್ಕೆ ಬಂದ ಉತ್ತರಗಳು, ಪರೀಕ್ಷಾ ಪುಟದ ಚಿತ್ರಗಳು ಕೆಲಸಕ್ಕೆ ಬರುತ್ತವೆ. ಒತ್ತಕ್ಷರ ಒಡೆದುಹೋದ ಒಂದು ಚಿತ್ರ ಹತ್ತು ಪುಟದ ವಾದ ಮಾಡುವ ಕೆಲಸವನ್ನು ಮಾಡುತ್ತದೆ. ಆಮೇಲೆ ಮೊದಲ ವರ್ಷದಲ್ಲಿ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಅವರ ಪಾಠದ ಹೊರೆಯಲ್ಲಿ ವಾರಕ್ಕೆ ಎಷ್ಟು ಗಂಟೆ ಬಿಡುವು ಕೊಡಬೇಕು. ಕೊನೆಯದನ್ನು ಬಿಡಬೇಡಿ. ಗಂಟೆ ಕೊಡದೆ ಹಣ ಮಾತ್ರ ಕೊಟ್ಟರೆ ಕೆಲಸ ಆಗುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಅಂಕಕ್ಕೆ ಒಳ್ಳೆಯದಾಗುತ್ತದೆ ಎಂಬ ಸಾಲನ್ನು ಸೇರಿಸಿ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಸೇರಿಸಿ, ತಪ್ಪಿಲ್ಲ. ಆದರೆ ಅದೊಂದೇ ಕಾರಣಕ್ಕೆ ಸೇರುವುದಾದರೆ ನಾನು ಬೇಡ ಅನ್ನುತ್ತೇನೆ. ಆ ಹಣದಲ್ಲಿ ಎರಡು ಒಳ್ಳೆಯ ಕಂಪ್ಯೂಟರ್ ತಂದು ವಿದ್ಯಾರ್ಥಿಗಳಿಗೆ ಕೊಡಬಹುದು.

ಪೇಟೆಂಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಡಳಿತದವರು ಹೆದರುವುದೇ ಇಲ್ಲಿ. ಡಬ್ಲ್ಯು3ಸಿಯ ನಿಯಮಗಳನ್ನು ಯಾರು ಬೇಕಾದರೂ ರಾಯಧನ ಕೊಡದೆ ಬಳಸಬಹುದು. ಅದಕ್ಕಾಗಿ ವರ್ಕಿಂಗ್ ಗ್ರೂಪಿಗೆ ಸೇರುವ ಸಂಸ್ಥೆ ಒಂದು ಮಾತು ಕೊಡುತ್ತದೆ: ಈ ನಿಯಮ ಪಾಲಿಸಲು ಅನಿವಾರ್ಯವಾದ ಪೇಟೆಂಟ್ ನಮ್ಮಲ್ಲಿದ್ದರೆ ಅದಕ್ಕೆ ರಾಯಧನ ಕೇಳುವುದಿಲ್ಲ. ಇದು ನೀವು ಸೇರಿದ ಗುಂಪಿನ ನಿಯಮಗಳಿಗೆ ಮಾತ್ರ ಅನ್ವಯಿಸುತ್ತದೆ. ಕಾಫಿ ಸಂಸ್ಕರಣೆಯ ಯಂತ್ರಕ್ಕೆ ತೆಗೆದ ಪೇಟೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ಯಾವುದಾದರೂ ಪೇಟೆಂಟನ್ನು ಹೊರಗಿಡಬೇಕು ಅಂದರೆ ಮೊದಲ ಸಾರ್ವಜನಿಕ ಕರಡು ಬಂದ 150 ದಿನದೊಳಗೆ ತಿಳಿಸಲು ಅವಕಾಶ ಇದೆ. ಬೌದ್ಧಿಕ ಆಸ್ತಿ ಘಟಕ ಇದ್ದರೆ ಅವರ ಅಭಿಪ್ರಾಯ ಬರೆಸಿಕೊಂಡು ಕಡತಕ್ಕೆ ಹಾಕಿ. ಇಲ್ಲದಿದ್ದರೆ ಯಾರೋ ಒಬ್ಬರು ಸಭೆಯಲ್ಲಿ ಈ ಪ್ರಶ್ನೆ ಎತ್ತಿ ಕಡತ ವಾಪಸ್ ಬರುತ್ತದೆ.

ರಾಜ್ಯದ ವಿಶ್ವವಿದ್ಯಾಲಯದಲ್ಲಿ ಹಣಕಾಸು ಸಮಿತಿ, ಆಮೇಲೆ ಸಿಂಡಿಕೇಟ್ ಒಪ್ಪಿಗೆ ಎಂದು ಇಟ್ಟುಕೊಂಡೇ ದಿನ ಲೆಕ್ಕ ಹಾಕಿ. ಸಭೆ ಯಾವಾಗ, ಅಜೆಂಡಾಕ್ಕೆ ವಿಷಯ ಕೊಡಲು ಕೊನೆಯ ದಿನ ಯಾವುದು ಎಂದು ಕುಲಸಚಿವರ ಕಚೇರಿಯಲ್ಲಿ ಕೇಳಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಸಂಯೋಜಿತ ಕಾಲೇಜಾದರೆ ಆಡಳಿತ ಮಂಡಳಿಯ ನಡಾವಳಿ ಸಾಕಾಗಬಹುದು. ಆದರೆ ಸದಸ್ಯತ್ವಕ್ಕೆ ಕಾನೂನಿನ ಪ್ರಕಾರ ನೋಂದಾಯಿತ ಸಂಸ್ಥೆಯ ಹೆಸರೇ ಬೇಕು. ಕಾಲೇಜನ್ನು ಟ್ರಸ್ಟ್ ನಡೆಸುತ್ತಿದ್ದರೆ ಸಹಿ ಹಾಕುವವರು ಟ್ರಸ್ಟಿನ ಪರವಾಗಿ ಹಾಕುತ್ತಾರೆ.

ಹೆಜ್ಜೆ 5: ಅರ್ಜಿ ಮತ್ತು ಹಣ

ಅರ್ಜಿ ಆನ್‌ಲೈನಿನಲ್ಲೇ ಇದೆ. ಸಂಸ್ಥೆಯ ವಿವರ, ಪ್ರತಿನಿಧಿಯ ಹೆಸರು, ಬಿಲ್ ಕಳಿಸುವ ವಿಳಾಸ ಕೊಡಬೇಕು. ಸದಸ್ಯತ್ವ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಇರುವವರು, ಸಾಮಾನ್ಯವಾಗಿ ಕುಲಸಚಿವರು, ಸಹಿ ಹಾಕುತ್ತಾರೆ. ಒಪ್ಪಂದ ಇಂಗ್ಲಿಷಿನಲ್ಲಿದೆ. ಸಿಂಡಿಕೇಟ್ ಸದಸ್ಯರಿಗೆ ಅದರ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಅರ್ಥವಾದದ್ದಕ್ಕೆ ಜನ ಬೇಗ ಒಪ್ಪುತ್ತಾರೆ.

ಹಣ ಡಾಲರಿನಲ್ಲಿ ಹೋಗಬೇಕು. ಹಣಕಾಸು ಅಧಿಕಾರಿಗಳನ್ನು ಮೊದಲೇ ಭೇಟಿ ಮಾಡಿ ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕು ಕೇಳುವ ಎ2 ನಮೂನೆ. ಆದಾಯ ತೆರಿಗೆಯ ಘೋಷಣೆ, ಬೇಕಾದರೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ. ವಿದೇಶದಿಂದ ಪಡೆದ ಸೇವೆಗೆ ಜಿಎಸ್‌ಟಿ ನಾವೇ ಕಟ್ಟಬೇಕಾ ಎಂಬ ಪ್ರಶ್ನೆ. ಮಂಜೂರಾತಿ ಸಿಕ್ಕಿ ಹಣ ಹೋಗುವಷ್ಟರಲ್ಲಿ ಡಾಲರ್ ಏರಿರುತ್ತದೆ. ಹಾಗಾಗಿ ಮಂಜೂರಾತಿ ಕೇಳುವಾಗಲೇ ಶೇಕಡಾ 10ರಷ್ಟು ಜಾಸ್ತಿ ಕೇಳಿ, ಬ್ಯಾಂಕಿನ ಶುಲ್ಕವನ್ನೂ ಸೇರಿಸಿ. ಇಲ್ಲದಿದ್ದರೆ ಸಣ್ಣ ವ್ಯತ್ಯಾಸಕ್ಕೆ ಇಡೀ ಕಡತ ಮತ್ತೆ ಮೊದಲಿಂದ ಓಡಾಡಬೇಕು.

ಹೆಜ್ಜೆ 6: ಸೇರಿದ ಮೇಲಿನ ಮೊದಲ ಮಳೆಗಾಲ

ಪ್ರತಿನಿಧಿ ಮೊದಲು ಮಾಡಬೇಕಾದ್ದು ಒಂದೇ ಒಂದು ವರ್ಕಿಂಗ್ ಗ್ರೂಪಿಗೆ ಒಬ್ಬರನ್ನೋ ಇಬ್ಬರನ್ನೋ ಸೇರಿಸುವುದು. ಎರಡನೇ ಹೆಜ್ಜೆಯಲ್ಲಿ ಆರಿಸಿದ ಕೆಲಸ ಯಾವುದೋ ಅದಕ್ಕೆ ತಕ್ಕ ಗುಂಪು: ಪುಟವಿನ್ಯಾಸಕ್ಕೆ ಸಿಎಸ್‌ಎಸ್, ಭಾಷೆ ಮತ್ತು ಲಿಪಿಗೆ ಅಂತರರಾಷ್ಟ್ರೀಕರಣ, ಅಂಗವಿಕಲರ ವಿಷಯಕ್ಕೆ ಅಕ್ಸೆಸಿಬಿಲಿಟಿ. ಸದಸ್ಯ ಸಂಸ್ಥೆ ಆದರೂ ಗುಂಪಿಗೆ ಹೆಸರು ಕೊಟ್ಟು ಸೇರಿದವರಿಗೆ ಮಾತ್ರ ಅಲ್ಲಿ ಜಾಗ.

ಗುಂಪಿನ ಸಭೆಗಳು ವಿಡಿಯೋ ಕರೆಯಲ್ಲಿ ನಡೆಯುತ್ತವೆ, ಹೆಚ್ಚಿನವು ನಮಗೆ ರಾತ್ರಿ. ಜೊತೆಗೆ ಐಆರ್‌ಸಿ ಎಂಬ ಹಳೆಯ ಬರಹದ ಚಾಟ್ ತೆರೆದಿರುತ್ತದೆ. ಅಲ್ಲಿ ಝಾಕಿಮ್ ಎಂಬ ಬಾಟ್ ಸರದಿ ನೋಡಿಕೊಳ್ಳುತ್ತದೆ. ಪ್ರೆಸೆಂಟ್ ಪ್ಲಸ್ ಎಂದು ಟೈಪ್ ಮಾಡಿದರೆ ಹಾಜರಿ, ಕ್ಯೂ ಪ್ಲಸ್ ಎಂದರೆ ಮಾತಾಡಲು ಕೈ ಎತ್ತಿದ ಹಾಗೆ. ಸದಸ್ಯರಲ್ಲೇ ಒಬ್ಬರು ನಡಾವಳಿ ಟೈಪ್ ಮಾಡುತ್ತಿರುತ್ತಾರೆ. ಹೊಸಬರು ಎರಡು ಮೂರು ಸಭೆ ಸುಮ್ನೆ ಕೇಳಿ, ಆಮೇಲೆ ನಡಾವಳಿ ಬರೆಯುವ ಕೆಲಸಕ್ಕೆ ತಾವೇ ಮುಂದೆ ಬರುವುದು ಒಳ್ಳೆಯದು. ಯಾರು ಏನು ವಾದ ಮಾಡುತ್ತಾರೆ ಎಂದು ಇಷ್ಟು ಬೇಗ ಕಲಿಸುವ ಬೇರೆ ದಾರಿ ಇಲ್ಲ. ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ನಾಚಿಕೆ ಬೇಡ, ಅಲ್ಲಿರುವ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಮರ ಬಿದ್ದರೆ ಊರಿಗೆ ಊರೇ ಕತ್ತಲು. ಇದಕ್ಕೆ ಹೆದರಿ ಹಿಂದೆ ಸರಿಯಬೇಡಿ. ಈ ಗುಂಪುಗಳಲ್ಲಿ ಹೆಚ್ಚಿನ ಕೆಲಸ ಗಿಟ್‌ಹಬ್‌ನಲ್ಲಿ, ಮೇಲ್‌ನಲ್ಲಿ ಆಗುತ್ತದೆ. ಸಭೆಗೆ ಬರಲು ಆಗದವರಿಗೂ ಅಭಿಪ್ರಾಯ ಹೇಳಲು ಸಮಯ ಕೊಡುತ್ತಾರೆ. ನಾಪೋಕ್ಲಿನಲ್ಲೋ ಭಾಗಮಂಡಲದಲ್ಲೋ ಮನೆ ಇರುವವರು ಮಳೆಗಾಲದಲ್ಲಿ ಪರೀಕ್ಷಾ ಪುಟ ಬರೆಯುವ, ಕರಡು ಓದುವ ಕೆಲಸ ಹಿಡಿಯಲಿ. ಸಭೆಗೆ ಪಟ್ಟಣದಲ್ಲಿರುವವರು ಕೂರಲಿ.

ಪರೀಕ್ಷಾ ಪುಟ ಬರೆಯುವ ಕೆಲಸ ಚಿಕ್ಕದು ಅಂದುಕೊಳ್ಳಬೇಡಿ. ಕರಡು ನಿಯಮವು ಅಂತಿಮ ಶಿಫಾರಸು ಆಗಬೇಕಾದರೆ ಅದು ನಿಜವಾದ ತಂತ್ರಾಂಶಗಳಲ್ಲಿ ಕೆಲಸ ಮಾಡುತ್ತದೆ ಎಂದು ತೋರಿಸಬೇಕು. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಈ ಪರೀಕ್ಷೆಗಳು ಇರುತ್ತವೆ. ದೊಡ್ಡ ಬ್ರೌಸರುಗಳೆಲ್ಲ ಅವನ್ನು ತಮ್ಮ ಮೇಲೆ ಓಡಿಸಿ ನೋಡುತ್ತವೆ. ಅಲ್ಲಿ ಕನ್ನಡದ ಒಂದು ಪರೀಕ್ಷೆ ಸೇರಿದರೆ, ಮುಂದೆ ಯಾರೋ ಏನೋ ಬದಲಾಯಿಸಿ ಶ್ರೀ ಒಡೆದರೆ, ಅದು ಬಳಕೆದಾರರಿಗೆ ಹೋಗುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ನಾಲ್ಕನೇ ಸೆಮಿಸ್ಟರಿನ ವಿದ್ಯಾರ್ಥಿ ಮಾಡಬಹುದಾದ ಕೆಲಸ ಇದು. ಅದರ ಮೇಲೆ ಅವಳ ಹೆಸರೂ ಉಳಿಯುತ್ತದೆ.

ಸದಸ್ಯರಿಗೆ ಮಾತ್ರ ತೆರೆದ ಪುಟಗಳು, ಮೇಲ್‌ಗಳು ಕೆಲವು ಇರುತ್ತವೆ. ಅವುಗಳ ಚಿತ್ರ ತೆಗೆದು ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ. ಇದನ್ನು ತಂಡಕ್ಕೆ ಮೊದಲ ದಿನವೇ ಹೇಳಿ.

ಹೆಜ್ಜೆ 7: ಮತ ಹಾಕಿ

ಡಬ್ಲ್ಯು3ಸಿಯಲ್ಲಿ ಒಂದು ಸಂಸ್ಥೆಗೆ ಒಂದು ಮತ. ಗೂಗಲ್‌ಗೂ ಒಂದು, ಆಪಲ್‌ಗೂ ಒಂದು, ನಮಗೂ ಒಂದು. ಹೊಸ ಗುಂಪು ಶುರುಮಾಡುವಾಗ, ನಿಯಮವೊಂದು ಅಂತಿಮ ಆಗುವಾಗ ಸದಸ್ಯರ ಅಭಿಪ್ರಾಯ ಕೇಳುತ್ತಾರೆ. ಉತ್ತರ ಕೊಡಲು ಕಡಿಮೆ ಅಂದರೂ 28 ದಿನ ಸಿಗುತ್ತದೆ. ಸಲಹಾ ಮಂಡಳಿಗೆ (ಅಡ್ವೈಸರಿ ಬೋರ್ಡ್), ತಾಂತ್ರಿಕ ವಿನ್ಯಾಸ ಗುಂಪಿಗೆ ನಡೆಯುವ ಚುನಾವಣೆಯಲ್ಲೂ ಮತ ಇದೆ.

ಪ್ರತಿ ಪ್ರಶ್ನೆಗೂ ಉತ್ತರಿಸಬೇಕಾಗಿಲ್ಲ. ಗುಂಪಿನ ಸನ್ನದು ಬಂದಾಗ ಮಾತ್ರ ತಪ್ಪದೆ ಓದಿ. ಮುಂದಿನ ಕೆಲವು ವರ್ಷ ಆ ಗುಂಪು ಏನು ಮಾಡಬಹುದು, ಏನು ಮಾಡಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಲಿಪಿಗಳ ಬೆಂಬಲ, ಅಕ್ಸೆಸಿಬಿಲಿಟಿ ಪರಿಶೀಲನೆ ಅಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಸೇರಿಸಿ ಎಂದು ಬರೆಯಿರಿ. ವಿರೋಧವನ್ನು ಔಪಚಾರಿಕವಾಗಿ ದಾಖಲಿಸುವ ದಾರಿಯೂ ಇದೆ. ಅದನ್ನು ತೀರ್ಮಾನಿಸಲು ಒಂದು ಮಂಡಳಿ ಕೂರುತ್ತದೆ. ಬೇರೆ ದಾರಿಗಳೆಲ್ಲ ಮುಗಿದ ಮೇಲೆ ಮಾತ್ರ ಅದಕ್ಕೆ ಹೋಗಿ.

ನವೀಕರಣಕ್ಕೆ ಮೊದಲು

ಸದಸ್ಯತ್ವಕ್ಕೆ ಪ್ರತಿ ವರ್ಷ ಹಣ ಕಟ್ಟಬೇಕು. ಬಿಲ್ ಬರುವ ಮೂರು ತಿಂಗಳ ಮೊದಲೇ ತಂಡ ಒಂದು ಪುಟದ ವರದಿ ಬರೆಯಲಿ: ಎಷ್ಟು ಇಶ್ಯೂ ಬರೆದೆವು, ಎಷ್ಟಕ್ಕೆ ಪರಿಹಾರ ಸಿಕ್ಕಿತು, ಯಾವ ಪರೀಕ್ಷೆ ಸೇರಿತು, ಯಾವ ಸನ್ನದಿಗೆ ಅಭಿಪ್ರಾಯ ಕೊಟ್ಟೆವು, ಎಷ್ಟು ವಿದ್ಯಾರ್ಥಿಗಳು ಕೆಲಸ ಮಾಡಿದರು, ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಏನು ಸರಿಯಾಯಿತು. ವರದಿ ಬಹುಪಾಲು ಖಾಲಿ ಇದ್ದರೆ ಒಂದು ವರ್ಷ ಸದಸ್ಯತ್ವ ಬಿಟ್ಟು ಕಮ್ಯುನಿಟಿ ಗ್ರೂಪಿಗೆ ಮರಳಿ ಬನ್ನಿ. ಮತ್ತೆ ತಂಡ ಕಟ್ಟಿಕೊಂಡು ಸೇರಬಹುದು. ಆದರೆ ಒಂದು ವಿಷಯ ನೆನಪಿರಲಿ. ವರ್ಕಿಂಗ್ ಗ್ರೂಪಿನಲ್ಲಿ ಇದ್ದಾಗ ಕೊಟ್ಟ ಪೇಟೆಂಟ್ ಮಾತು ಹೊರಗೆ ಬಂದ ಕೂಡಲೇ ಪೂರ್ತಿ ಅಳಿಸಿಹೋಗುವುದಿಲ್ಲ. ಬಿಡುವ ದಿನವನ್ನು, ಆಗ ಕರಡು ಯಾವ ಹಂತದಲ್ಲಿತ್ತು ಎಂಬುದನ್ನು ಕಡತದಲ್ಲಿ ದಾಖಲಿಸಿಡಿ.

ವರದಿ ತುಂಬಿದ್ದರೆ ಅದನ್ನೇ ಮುಂದಿನ ಹಣಕಾಸು ಸಮಿತಿಯ ಅಜೆಂಡಾಕ್ಕೆ ಲಗತ್ತಿಸಿ, ಬದಲಿ ಪ್ರತಿನಿಧಿಯ ಹೆಸರನ್ನು ಆ ವರ್ಷದ ಸಿಬ್ಬಂದಿ ಪಟ್ಟಿಯ ಜೊತೆ ಮತ್ತೊಮ್ಮೆ ತಾಳೆ ನೋಡಿ ಕಳಿಸಿ.